ಬ್ಯಾಟ್‌ಮನ್ ಎಲ್ಲಿಂದ ಓದಬೇಕು ಅಂತ ಕೇಳುವವರಿಗೆ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಫ್ಲೆಕ್ಸ್ ಡಿಸೈನ್ ಅಂಗಡಿ ಇದೆ. ಹುಟ್ಟುಹಬ್ಬ, ಗೃಹಪ್ರವೇಶ, ಜಾತ್ರೆ, ಕೋಚಿಂಗ್ ಸೆಂಟರಿನ ರಿಸಲ್ಟ್, ದಿನವಿಡೀ ಇವೇ ಬ್ಯಾನರ್‌ಗಳು. ಕಂಪ್ಯೂಟರ್ ಹಿಂದಿನ ಕಪಾಟಿನಲ್ಲಿ ಮಾತ್ರ ಕಾಮಿಕ್ಸ್. ಪ್ರಿಂಟ್ ಆಗುವವರೆಗೆ ಕಾಯುವ ಹುಡುಗರು ಅದನ್ನು ತೆಗೆದು ತಿರುವುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. ಮೊನ್ನೆ ಅಕ್ಕನ ಮಗನೂ ಅದನ್ನೇ ಕೇಳಿದ: "ಮಾಮಾ, ಸಿನಿಮಾ ಎಲ್ಲಾ ನೋಡೀನಿ. ಪುಸ್ತಕ ಎಲ್ಲಿಂದ ಓದ್ಲಿಕ್ಕೆ ಶುರು ಮಾಡ್ಬೇಕು? ಒಂದನೇ ನಂಬರಿಂದಾ?"

ಒಂದನೇ ನಂಬರಿಂದ ಬೇಡ. ಸೂಪರ್‌ಮನ್ ಬಂದದ್ದು 1938ರಲ್ಲಿ, ಬ್ಯಾಟ್‌ಮನ್ 1939ರಲ್ಲಿ. ಅಲ್ಲಿಂದ ಹಿಡಿದು ಓದುತ್ತಾ ಬಂದರೆ ತಲೆ ಬೆಳ್ಳಗಾಗುತ್ತದೆ. ಅದರಲ್ಲಿ ಬಹಳಷ್ಟು ತಿಂಗಳು ತಿಂಗಳು ಅಂಗಡಿಗೆ ಮಾಲು ಹೋಗಬೇಕಲ್ಲಾ ಅಂತ ಸುಮ್ನೆ ಬರೆದದ್ದು. ಹೀರೋ ಹೆಸರು ನೋಡಿ ಪುಸ್ತಕ ಕೊಳ್ಳಬೇಡಿ. ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ನೋಡಿ. ಒಬ್ಬನೇ ಲೀಡರಿನ ಒಂದೇ ಫೋಟೋ ಊರಿನ ಎಲ್ಲಾ ಫ್ಲೆಕ್ಸ್ ಅಂಗಡಿಗೂ ಹೋಗುತ್ತದೆ. ಬ್ಯಾನರ್ ಒಂದೇ ಥರ ಬರುತ್ತದಾ? ಇಲ್ಲೂ ಹಾಗೇ.

ಬ್ಯಾಟ್‌ಮನ್‌ಗೆ ನಾನು ಕೊಡುವ ಮೊದಲ ಪುಸ್ತಕ 'ಇಯರ್ ಒನ್'. 1987ರಲ್ಲಿ 'ಬ್ಯಾಟ್‌ಮನ್' ಪತ್ರಿಕೆಯ 404ರಿಂದ 407ರವರೆಗೆ ಬಂದ ನಾಲ್ಕೇ ಸಂಚಿಕೆ. ಬರೆದದ್ದು ಫ್ರ್ಯಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಝುಕೆಲ್ಲಿ, ಬಣ್ಣ ರಿಚ್ಮಂಡ್ ಲೂಯಿಸ್. ಹೆಸರಿಗೆ ಬ್ಯಾಟ್‌ಮನ್ ಕಥೆ, ನನ್ನ ಲೆಕ್ಕದಲ್ಲಿ ಹೀರೋ ಮಾತ್ರ ಜಿಮ್ ಗಾರ್ಡನ್. ಲಂಚ ಮುಟ್ಟದ ಒಬ್ಬ ಪೊಲೀಸ್, ಬಸುರಿ ಹೆಂಡತಿಯ ಚಿಂತೆ ಹೊತ್ತುಕೊಂಡು, ಇಡೀ ಇಲಾಖೆಯೇ ಕೊಳೆತಿರುವ ಗಾಥಮ್ ಸಿಟಿಗೆ ರೈಲಿನಲ್ಲಿ ಬಂದಿಳಿಯುತ್ತಾನೆ. ಅದೇ ದಿನ ಬ್ರೂಸ್ ವೇಯ್ನ್, ಅಂದರೆ ಮುಂದೆ ಬ್ಯಾಟ್‌ಮನ್ ಆಗುವವನು, ವಿಮಾನದಲ್ಲಿ ಬರುತ್ತಾನೆ. ಗಾರ್ಡನ್‌ಗೆ ಅನ್ನಿಸುತ್ತದೆ, ಈ ಊರಿಗೆ ವಿಮಾನದಲ್ಲಿ ಬರಬೇಕು, ಮೇಲಿನಿಂದ ನೋಡಿದರೆ ಬರೀ ರಸ್ತೆ, ಕಟ್ಟಡ ಕಾಣುತ್ತವೆ, ಸಭ್ಯರ ಊರು ಅಂತ ನಂಬಬಹುದು. ಬ್ರೂಸ್‌ಗೆ ಅನ್ನಿಸುತ್ತದೆ, ರೈಲಿನಲ್ಲಿ ಬರಬೇಕಿತ್ತು, ಶತ್ರು ಹತ್ತಿರದಿಂದ ಕಾಣುತ್ತಿದ್ದ. ಮೊದಲ ಪುಟದಲ್ಲೇ ಇಬ್ಬರೂ ಎಂಥವರು ಅಂತ ಗೊತ್ತಾಗಿಬಿಡುತ್ತದೆ.

ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದರು. ಹಾಗಾಗಿ ನನ್ನ ಕಣ್ಣು ಮೊದಲು ಅಕ್ಷರದ ಮೇಲೆ ಹೋಗುತ್ತದೆ. ಈ ಪುಸ್ತಕದಲ್ಲಿ ಇಬ್ಬರ ಮನಸ್ಸಿನ ಮಾತೂ ಚೌಕಗಳಲ್ಲಿ ಬರುತ್ತದೆ. ಆದರೆ ಬ್ರೂಸ್‌ನ ಕೈಬರಹ ಬೇರೆ, ಗಾರ್ಡನ್‌ನ ಕೈಬರಹ ಬೇರೆ. ಅಕ್ಷರ ಬರೆದವರು ಟಾಡ್ ಕ್ಲೈನ್. ಯಾರು ಮಾತಾಡ್ತಿದ್ದಾರೆ ಅಂತ ಹೆಸರು ಹಾಕಬೇಕಾಗಿಯೇ ಇಲ್ಲ. ಕಾಮಿಕ್ಸ್‌ನಲ್ಲಿ ಅಕ್ಷರ ಬರೆಯುವುದೂ ಒಂದು ಕೆಲಸ, ಅದಕ್ಕೂ ಪುಸ್ತಕದಲ್ಲಿ ಹೆಸರು ಹಾಕುತ್ತಾರೆ. ಊರ ತುಂಬ ಬೋರ್ಡ್ ಬರೆದ ನಮ್ಮಪ್ಪನ ಹೆಸರು ಯಾವ ಬೋರ್ಡಿನ ಮೂಲೆಯಲ್ಲಾದರೂ ಇದ್ದರೆ ಹೆಚ್ಚು. ಇರಲಿ ಬಿಡಿ.

ಕೊನೆಯಲ್ಲಿ ಒಂದು ದೃಶ್ಯ ಇದೆ. ಗಾರ್ಡನ್‌ನ ಹಸುಗೂಸನ್ನು ಗೂಂಡಾಗಳು ಎತ್ತಿಕೊಂಡು ಹೋಗಿರುತ್ತಾರೆ. ಸೇತುವೆ ಮೇಲಿನ ಜಗಳದಲ್ಲಿ ಕೂಸು ಕೆಳಗೆ ಬೀಳುತ್ತದೆ. ಬ್ರೂಸ್ ಮುಖವಾಡ ಇಲ್ಲದೆಯೇ ಹಾರಿ ಅದನ್ನು ಹಿಡಿಯುತ್ತಾನೆ. ಗಾರ್ಡನ್ ಎದುರಿಗೇ ನಿಂತಿದ್ದಾನೆ, ಮುಖ ನೋಡುತ್ತಿದ್ದಾನೆ. ಆದರೆ ಹೇಳುವುದೇನು? ಕನ್ನಡಕ ಬಿದ್ದುಹೋಗಿದೆ, ಅದಿಲ್ಲದೆ ನನಗೆ ಏನೂ ಕಾಣುವುದಿಲ್ಲ ಅಂತ. ನಿಜವಾಗಿಯೂ ಕಾಣಲಿಲ್ಲವೋ, ಕಂಡೂ ಹಾಗೆ ಹೇಳಿದನೋ, ಪುಸ್ತಕ ಬಾಯಿ ಬಿಡುವುದಿಲ್ಲ. ಅಕ್ಕನ ಮಗನ ಪ್ರಕಾರ ಕಾಣಲಿಲ್ಲ. ನನ್ನ ಪ್ರಕಾರ ಚೆನ್ನಾಗಿ ಕಂಡಿತ್ತು.

ಇದಾದ ಮೇಲೆ 'ದಿ ಲಾಂಗ್ ಹ್ಯಾಲೋವೀನ್'. ಜೆಫ್ ಲೋಬ್ ಬರೆದು ಟಿಮ್ ಸೇಲ್ ಚಿತ್ರ ಬಿಡಿಸಿದ್ದು, 1996–97, ಹದಿಮೂರು ಸಂಚಿಕೆ. ಒಬ್ಬ ಕೊಲೆಗಾರ ಹಬ್ಬ ಬಂದಾಗಲೆಲ್ಲ ಒಂದು ಹೆಣ ಬೀಳಿಸುತ್ತಾನೆ, ಒಂದು ಹ್ಯಾಲೋವೀನ್‌ನಿಂದ ಮುಂದಿನ ಹ್ಯಾಲೋವೀನ್‌ವರೆಗೆ. ಹಾರ್ವೀ ಡೆಂಟ್ ಎಂಬ ಒಳ್ಳೆಯ ವಕೀಲ ಟೂ-ಫೇಸ್ ಎಂಬ ಖಳನಾಗುವುದು ಇದರೊಳಗೇ. ಟಿಮ್ ಸೇಲ್ ಕಪ್ಪು ಬಣ್ಣವನ್ನು ಎಷ್ಟು ಧೈರ್ಯದಿಂದ ಸುರಿಯುತ್ತಾನೆ ನೋಡಿ. ನನ್ನ ಗಿರಾಕಿಗಳಿಗೆ ಬ್ಯಾನರಿನಲ್ಲಿ ಒಂದು ಅಂಗೈ ಅಗಲ ಜಾಗ ಖಾಲಿ ಬಿಟ್ಟರೂ ತಡೆಯುವುದಿಲ್ಲ, "ಅಲ್ಲೊಂದು ಫೋಟೋ ಹಾಕ್ರಿ" ಅನ್ನುತ್ತಾರೆ. ಇಲ್ಲಿ ಅರ್ಧ ಪುಟ ಬರೀ ಕತ್ತಲೆ.

'ದಿ ಡಾರ್ಕ್ ನೈಟ್ ರಿಟರ್ನ್ಸ್' 1986ರದು. ಎಲ್ಲರೂ ಅದನ್ನೇ ಮೊದಲು ಓದು ಅನ್ನುತ್ತಾರೆ. ನಾನು ಮೂರನೆಯದಾಗಿ ಓದಿ ಅನ್ನುತ್ತೇನೆ. ಐವತ್ತೈದು ವಯಸ್ಸಿನ, ನಿವೃತ್ತಿಯಾಗಿದ್ದ ಬ್ಯಾಟ್‌ಮನ್ ಮತ್ತೆ ಬೀದಿಗಿಳಿದು, ಕೊನೆಗೆ ಸೂಪರ್‌ಮನ್ ಜೊತೆಗೇ ಹೊಡೆದಾಡುವ ಕಥೆ. ಅವನು ಮುದುಕನಾದದ್ದು ನಿಮಗೆ ಚುರುಕ್ ಅನ್ನಬೇಕಾದರೆ ಮೊದಲು ಅವನನ್ನು ಹರೆಯದಲ್ಲಿ ನೋಡಿರಬೇಕು ಅಲ್ವಾ?

'ದಿ ಕಿಲ್ಲಿಂಗ್ ಜೋಕ್' ಬಗ್ಗೆ ನನ್ನದು ತಕರಾರು. 1988ರದು, ಬರೆದದ್ದು ಅಲನ್ ಮೂರ್, ಚಿತ್ರ ಬ್ರಯಾನ್ ಬೋಲಂಡ್. ಚಿತ್ರದ ಬಗ್ಗೆ ಎರಡು ಮಾತಿಲ್ಲ. ಆದರೆ ಗಾರ್ಡನ್ ಮಗಳು ಬಾರ್ಬರಾಳಿಗೆ ಬ್ಯಾಟ್‌ಮನ್‌ನ ಶತ್ರು ಜೋಕರ್ ಗುಂಡು ಹೊಡೆಯುವುದು ಅವಳ ಕಥೆ ಹೇಳಲಿಕ್ಕಲ್ಲ, ಅವಳ ಅಪ್ಪನಿಗೆ ನೋವಾಗಲಿ ಅಂತ ಅಷ್ಟೇ. ಮೂರ್ ಅವರೇ ಆಮೇಲೆ ಈ ಪುಸ್ತಕ ತಮಗೆ ಅಷ್ಟು ಇಷ್ಟವಿಲ್ಲ ಅಂದಿದ್ದಾರೆ. ಮುಂದೆ ಬೇರೆ ಲೇಖಕರು ಬಾರ್ಬರಾಳನ್ನು ಗಾಲಿಕುರ್ಚಿಯಲ್ಲೇ ಕೂತು ಕಂಪ್ಯೂಟರ್ ಮೂಲಕ ಎಲ್ಲರಿಗೂ ದಾರಿ ತೋರಿಸುವ 'ಒರಾಕಲ್' ಮಾಡಿದರು, ಆ ಅನ್ಯಾಯ ಸ್ವಲ್ಪ ಸರಿಹೋಯಿತು. ಓದಲೇಬೇಕು ಅಂದರೆ ಹಳೆಯ ಬಣ್ಣದ ಪ್ರತಿ ಹುಡುಕಿ. ಮೊದಲು ಬಣ್ಣ ಹಾಕಿದವರು ಜಾನ್ ಹಿಗಿನ್ಸ್, ಹಳದಿ, ಕಿತ್ತಳೆ, ನೇರಳೆ ಕಣ್ಣಿಗೆ ರಾಚುತ್ತವೆ. 2008ರಲ್ಲಿ ಬೋಲಂಡ್ ತಾವೇ ಮತ್ತೆ ಬಣ್ಣ ಹಾಕಿ ಎಲ್ಲವನ್ನೂ ತಣ್ಣಗೆ, ಬೂದುಬೂದಾಗಿ ಮಾಡಿದರು. ಬಿಡಿಸಿದವರಿಗೆ ಆ ಹಕ್ಕಿದೆ, ಒಪ್ಪಿದೆ. ನನಗೆ ಮಾತ್ರ ಆ ರಾಚುವ ಬಣ್ಣವೇ ಬೇಕು. ಹುಚ್ಚನ ಸರ್ಕಸ್ ಮತ್ತೆ ಯಾವ ಬಣ್ಣದಲ್ಲಿರಬೇಕು?

ಮೊಬೈಲಿನಲ್ಲಿ ಕಾಮಿಕ್ಸ್ ಓದುವವರಿಗೆ ಒಂದು ಮಾತು. ಸ್ಕಾಟ್ ಸ್ನೈಡರ್ ಮತ್ತು ಗ್ರೆಗ್ ಕಪುಲೋ ಮಾಡಿದ 'ಕೋರ್ಟ್ ಆಫ್ ಔಲ್ಸ್' 2011ರಲ್ಲಿ ಶುರುವಾಯಿತು. ಅದರ ಐದನೇ ಸಂಚಿಕೆಯಲ್ಲಿ ಬ್ಯಾಟ್‌ಮನ್ ನೆಲದೊಳಗಿನ ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದು ತಲೆ ಕೆಡಿಸಿಕೊಂಡಿದ್ದಾನೆ. ಅವನಿಗೆ ದಿಕ್ಕು ತಪ್ಪಿದ ಹಾಗೆ ಪುಟವೂ ಅಡ್ಡಡ್ಡ ತಿರುಗುತ್ತದೆ, ಆಮೇಲೆ ಪೂರ್ತಿ ತಲೆಕೆಳಗಾಗುತ್ತದೆ. ನೀವು ಪುಸ್ತಕವನ್ನು ತಿರುಗಿಸುತ್ತಾ ತಿರುಗಿಸುತ್ತಾ ಓದಬೇಕು, ಸ್ವಲ್ಪ ಹೊತ್ತಿಗೆ ಯಾವ ಕಡೆ ಪುಟ ಮಗುಚಬೇಕು ಅಂತ ನಿಮಗೇ ಗೊಂದಲ. ಮೊಬೈಲಿನಲ್ಲಿ ಇದನ್ನು ಓದಲು ಹೋದ ಹುಡುಗನ ಪಾಡು ಕೇಳಬೇಡಿ. ಅವನು ಫೋನ್ ತಿರುಗಿಸಿದರೆ ಫೋನು ಚಿತ್ರವನ್ನು ವಾಪಸ್ ತಿರುಗಿಸುತ್ತದೆ. ಆಟೋ ರೊಟೇಟ್ ಬಂದ್ ಮಾಡಿಕೊಳ್ಳಿ. ಇಲ್ಲವೇ ಪುಸ್ತಕ ತಗೊಳ್ಳಿ.

ಸ್ಪೈಡರ್‌ಮನ್‌ಗೆ ಬರೋಣ. ಅವನ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸಲು ಆಗುವುದಿಲ್ಲ.

ಹೊಸಬರಿಗೆ, ಅದರಲ್ಲೂ ಹೈಸ್ಕೂಲ್ ಹುಡುಗರಿಗೆ, 'ಅಲ್ಟಿಮೇಟ್ ಸ್ಪೈಡರ್‌ಮನ್' ಕೊಡಿ. 2000ದಲ್ಲಿ ಬ್ರಯಾನ್ ಮೈಕಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ ಶುರು ಮಾಡಿದ್ದು. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಹನ್ನೊಂದು ಪುಟದಲ್ಲಿ ಮುಗಿಸಿದ ಹುಟ್ಟಿನ ಕಥೆಯನ್ನು ಇವರು ಏಳು ಸಂಚಿಕೆ ಎಳೆದಿದ್ದಾರೆ. ಆದರೆ ಎಳೆದದ್ದು ಅನ್ನಿಸುವುದಿಲ್ಲ, ಹುಡುಗನನ್ನು ಸಾಕಿದ ಅಂಕಲ್ ಬೆನ್ ಸಾಯುವ ಹೊತ್ತಿಗೆ ಅವನು ನಮ್ಮ ಮನೆಯವನೇ ಆಗಿರುತ್ತಾನೆ. ಬ್ಯಾಗ್ಲಿ ಒಬ್ಬರೇ ಸತತವಾಗಿ 111 ಸಂಚಿಕೆ ಬಿಡಿಸಿದರು. ಕೈ ಇದೆಯೋ ಮಷೀನೋ ಗೊತ್ತಿಲ್ಲ.

ಹಳೆಯದರಲ್ಲಿ ಒಂದನ್ನೇ ಆರಿಸು ಅಂದರೆ 'ಅಮೇಜಿಂಗ್ ಸ್ಪೈಡರ್‌ಮನ್' 31ರಿಂದ 33. ಮೂರನೆಯದರ ಮೇಲೆ ತಾರೀಖು 1966ರ ಫೆಬ್ರವರಿ. ಸ್ಪೈಡರ್‌ಮನ್‌ನ ನಿಜವಾದ ಹೆಸರು ಪೀಟರ್. ಅವನನ್ನು ಸಾಕಿದ ಮೇ ಆಂಟಿ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಅವಳನ್ನು ಉಳಿಸುವ ಔಷಧಿಯ ಡಬ್ಬಿ ಪೀಟರ್ ಕಣ್ಣೆದುರಿಗೇ ಬಿದ್ದಿದೆ. ಆದರೆ ನೀರಿನಡಿಯ ಅಡ್ಡೆಯಲ್ಲಿ ಅವನ ಬೆನ್ನ ಮೇಲೆ ಒಂದು ಕಟ್ಟಡದಷ್ಟು ದೊಡ್ಡ ಯಂತ್ರ. ಮೇಲಿನಿಂದ ನೀರು ಸೋರುತ್ತಿದೆ, ಸೋರುವುದು ಜಾಸ್ತಿಯಾಗುತ್ತಿದೆ. ಇಷ್ಟೇ ಸನ್ನಿವೇಶ. ಡಿಟ್ಕೋ ಇದನ್ನು ಪುಟದ ಮೇಲೆ ಹೇಗೆ ಹಾಕಿದ್ದಾರೆ ಗಮನಿಸಿ. ಶುರುವಿನಲ್ಲಿ ಚೌಕಗಳು ಚಿಕ್ಕವು, ಇಕ್ಕಟ್ಟು, ಅವನಿಗೆ ಮಿಸುಕಲು ಜಾಗವೇ ಇಲ್ಲ. ಅವನು ಸ್ವಲ್ಪ ಸ್ವಲ್ಪ ಎತ್ತುತ್ತಾ ಹೋದ ಹಾಗೆ ಚೌಕವೂ ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಗೆ ಪುಟ ಮಗುಚಿದರೆ ಇಡೀ ಪುಟಕ್ಕೆ ಒಂದೇ ಚಿತ್ರ. ಯಂತ್ರ ಮೇಲೆ, ಪೀಟರ್ ಕೆಳಗೆ, ಸುತ್ತ ನೀರಿನ ಧಾರೆ. ಲೇಔಟ್ ಅಂದರೇನು ಅಂತ ನನ್ನ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗರಿಗೆ ನಾನು ತೋರಿಸುವುದು ಈ ಐದಾರು ಪುಟಗಳನ್ನೇ. ಈ ಹೊತ್ತಿಗೆ ಲೀ ಮತ್ತು ಡಿಟ್ಕೋ ನಡುವೆ ಮಾತು ನಿಂತುಹೋಗಿತ್ತು. ಕಥೆ ಕಟ್ಟುತ್ತಿದ್ದವರು ಡಿಟ್ಕೋನೇ. 38ನೇ ಸಂಚಿಕೆಯ ನಂತರ ಅವರು ಬಿಟ್ಟುಹೋದರು.

ಅದೇ ಪತ್ರಿಕೆಯ 121 ಮತ್ತು 122, 1973ರವು, ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುವ ಕಥೆ. ಬರೆದದ್ದು ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್. ಗ್ರೀನ್ ಗಾಬ್ಲಿನ್ ಅವಳನ್ನು ಸೇತುವೆ ಮೇಲಿನಿಂದ ತಳ್ಳುತ್ತಾನೆ, ಸ್ಪೈಡರ್‌ಮನ್ ಬಲೆ ಎಸೆದು ಕಾಲು ಹಿಡಿಯುತ್ತಾನೆ. ಹಿಡಿದೆ ಅಂತ ಖುಷಿಯಲ್ಲಿದ್ದಾನೆ. ಅವಳ ಕುತ್ತಿಗೆ ಹತ್ತಿರ 'ಸ್ನ್ಯಾಪ್' ಅಂತ ಒಂದು ಪುಟ್ಟ ಶಬ್ದ ಬರೆದಿದೆ. ಅಷ್ಟು ಚಿಕ್ಕದು, ಮೊದಲ ಸಲ ಓದುವಾಗ ಕಣ್ಣು ತಪ್ಪಿಸಿಕೊಂಡು ಹೋದರೂ ಹೋಗಬಹುದು. ಕಥೆಯ ಹೆಸರನ್ನೂ ಮೊದಲ ಪುಟದಲ್ಲಿ ಹಾಕಿಲ್ಲ, ಗುಟ್ಟು ಬಯಲಾಗುತ್ತದೆ ಅಂತ ಕೊನೆಗೆ ಇಟ್ಟಿದ್ದಾರೆ. ಇನ್ನೊಂದು ತಮಾಷೆ, ಮಾತಿನಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ ಅಂತಿದೆ, ಚಿತ್ರದಲ್ಲಿರುವುದು ಬ್ರೂಕ್ಲಿನ್ ಸೇತುವೆ. ಇಂಥ ದೊಡ್ಡ ಕಂಪನಿಯಲ್ಲೂ ಪ್ರೂಫ್ ತಪ್ಪುತ್ತದೆ ಅಂತ ಗಿರಾಕಿಗಳಿಗೆ ಹೇಳಲು ನನಗೊಂದು ಆಧಾರ.

248ನೇ ಸಂಚಿಕೆಯಲ್ಲಿ, 1984ರದು, ಹಿಂದಿನ ಪುಟಗಳಲ್ಲಿ ಒಂದು ಸಣ್ಣ ಕಥೆ ಇದೆ: 'ದಿ ಕಿಡ್ ಹೂ ಕಲೆಕ್ಟ್ಸ್ ಸ್ಪೈಡರ್‌ಮನ್'. ರೋಜರ್ ಸ್ಟರ್ನ್ ಬರೆದದ್ದು, ರಾನ್ ಫ್ರೆಂಜ್ ಚಿತ್ರ. ಹೊಡೆದಾಟ ಇಲ್ಲ. ಸ್ಪೈಡರ್‌ಮನ್ ರಾತ್ರಿ ಹೊತ್ತು ತನ್ನ ಅಭಿಮಾನಿ ಹುಡುಗನ ಕೋಣೆಗೆ ಬಂದು ಕೂತು ಹರಟೆ ಹೊಡೆಯುತ್ತಾನೆ, ಅಷ್ಟೇ. ಕೊನೆ ನಾನು ಹೇಳುವುದಿಲ್ಲ. ಇದನ್ನು ಅಂಗಡಿಯಲ್ಲಿ ಓದಿದ ಒಬ್ಬ ದಪ್ಪ ಮೀಸೆಯ ಡ್ರೈವರ್, ಬ್ಯಾನರ್ ಇಲ್ಲೇ ಬಿಟ್ಟು ಎದ್ದು ಹೋಗಿ, ಅರ್ಧ ತಾಸು ಬಿಟ್ಟು ಬಂದು ತೆಗೆದುಕೊಂಡು ಹೋದರು.

1987ರ 'ಕ್ರೇವನ್ಸ್ ಲಾಸ್ಟ್ ಹಂಟ್' ಕೂಡ ದೊಡ್ಡ ಕಥೆ. ಜೆ. ಎಂ. ಡಿಮ್ಯಾಟೀಸ್, ಮೈಕ್ ಝೆಕ್. ಮದುವೆಯಾಗಿ ಇನ್ನೂ ಹೊಸದು, ಅಷ್ಟರಲ್ಲೇ ಪೀಟರನ್ನು ಎರಡು ವಾರ ಜೀವಂತ ಹೂತಿಟ್ಟಿರುತ್ತಾರೆ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಅದರಲ್ಲಿ ಆತ್ಮಹತ್ಯೆ ಇದೆ.

2004ರಲ್ಲಿ ನಮ್ಮ ದೇಶದ ಸ್ಪೈಡರ್‌ಮನ್ ಒಬ್ಬ ಬಂದ, ಮುಂಬೈ ಹುಡುಗ ಪವಿತ್ರ್ ಪ್ರಭಾಕರ್. ಜೀವನ್ ಕಾಂಗ್ ಅವರ ಚಿತ್ರ ಬಹಳ ಚಂದ, ಕಥೆ ಮಾತ್ರ ಅಮೆರಿಕದ್ದೇ ಹೆಸರು ಬದಲಿಸಿ ಇಟ್ಟ ಹಾಗಿದೆ. ನಾಲ್ಕೇ ಸಂಚಿಕೆ, ಸಿಕ್ಕರೆ ಚಿತ್ರಕ್ಕಾಗಿ ನೋಡಿ.

ಸೂಪರ್‌ಮನ್ ಬೋರು ಅನ್ನುವವರು ಜಾಸ್ತಿ. ಅವನಿಗೆ ಎಲ್ಲಾ ಆಗುತ್ತದೆ, ಇನ್ನು ಕಥೆ ಎಲ್ಲಿಂದ ಬರಬೇಕು ಅಂತ. ಅಂಥವರಿಗೆ 'ಆಲ್-ಸ್ಟಾರ್ ಸೂಪರ್‌ಮನ್' ಕೊಡುತ್ತೇನೆ. ಗ್ರಾಂಟ್ ಮಾರಿಸನ್ ಬರೆದು ಫ್ರ್ಯಾಂಕ್ ಕ್ವೈಟ್ಲಿ ಬಿಡಿಸಿದ್ದು, 2005ರಿಂದ 2008, ಹನ್ನೆರಡು ಸಂಚಿಕೆ. ಎಲ್ಲರಿಗೂ ಗೊತ್ತಿರುವ ಹುಟ್ಟಿನ ಕಥೆಯನ್ನು ಮೊದಲ ಪುಟದ ನಾಲ್ಕು ಚಿತ್ರ, ಎಂಟು ಪದದಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಸೂರ್ಯನ ಹತ್ತಿರ ಹೋಗಿ ಕೆಲವರನ್ನು ಉಳಿಸುವಾಗ ಅವನ ಮೈಗೆ ಶಕ್ತಿ ಮಿತಿಮೀರಿ ತುಂಬಿ, ಅದೇ ಅವನನ್ನು ಕೊಲ್ಲುತ್ತಿದೆ. ಸಾಯುವ ಮುಂಚೆ ಏನೇನು ಮಾಡಬೇಕು? ಹತ್ತನೇ ಸಂಚಿಕೆಯಲ್ಲಿ, ನೂರೆಂಟು ಕೆಲಸದ ನಡುವೆ, ಕಟ್ಟಡದ ಅಂಚಿನಲ್ಲಿ ನಿಂತ ಒಬ್ಬ ಹುಡುಗಿಯ ಹಿಂದೆ ಬಂದು ನಿಲ್ಲುತ್ತಾನೆ. ಒಂದೇ ಪುಟ. ಹೊಡೆಯುವವನೂ ಇಲ್ಲ, ಹಾರುವುದೂ ಇಲ್ಲ. ಭುಜದ ಮೇಲೆ ಕೈ ಇಟ್ಟು ನಾಲ್ಕು ಮಾತು ಹೇಳುತ್ತಾನೆ. ಬೋರು ಅಂದವರು ಆಮೇಲೆ ಆ ಮಾತು ಎತ್ತಿಲ್ಲ.

ಅಷ್ಟು ಭಾರ ಬೇಡ ಅಂದರೆ ಲೋಬ್ ಮತ್ತು ಸೇಲ್ ಜೋಡಿಯದ್ದೇ 'ಸೂಪರ್‌ಮನ್ ಫಾರ್ ಆಲ್ ಸೀಸನ್ಸ್' ಇದೆ, 1998. ನಾಲ್ಕು ಋತು, ನಾಲ್ಕು ಜನರ ಬಾಯಲ್ಲಿ. ಮೊದಲನೆಯದು ಅವನ ಸಾಕುತಂದೆಯ ಬಾಯಲ್ಲಿ. ಹೊಲ ಮನೆ ಮಾಡಿಕೊಂಡಿರುವ ರೈತ, ಬೆಳೆದ ಮಗ ಊರು ಬಿಟ್ಟು ಪಟ್ಟಣಕ್ಕೆ ಹೊರಟಿದ್ದಾನೆ. ಸೇಡಂ, ಚಿತ್ತಾಪುರದಲ್ಲಿ ತೊಗರಿ ಹೊಲ ಇಟ್ಟುಕೊಂಡು ಮಗನನ್ನು ಬೆಂಗಳೂರು ಬಸ್ಸು ಹತ್ತಿಸಿದ ಯಾವ ಅಪ್ಪನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಅತಿ ಪ್ರೀತಿಯದು. ಡೇರ್‌ಡೆವಿಲ್, 'ಬಾರ್ನ್ ಅಗೇನ್'. 227ರಿಂದ 233, 1986. ಮತ್ತೆ ಅದೇ ಮಿಲ್ಲರ್, ಅದೇ ಮಝುಕೆಲ್ಲಿ. ಬರೆದವರ, ಬಿಡಿಸಿದವರ ಹೆಸರು ನೋಡಿ ಪುಸ್ತಕ ಕೊಳ್ಳಿ ಅಂದದ್ದು ಇದಕ್ಕೇ. ಕುರುಡ ವಕೀಲ ಮ್ಯಾಟ್ ಮರ್ಡಾಕ್‌ನ ಗುಟ್ಟನ್ನು, ಅವನೇ ಡೇರ್‌ಡೆವಿಲ್ ಅನ್ನುವುದನ್ನು, ಅವನ ಹಳೆಯ ಪ್ರೇಯಸಿ ಕ್ಯಾರೆನ್ ಮಾದಕ ವಸ್ತುವಿನ ಒಂದು ಡೋಸಿಗೆ ಮಾರುತ್ತಾಳೆ. ಅದು ಕೈ ದಾಟಿ ದಾಟಿ ಪಾತಕಿಗಳ ದೊರೆ ಕಿಂಗ್‌ಪಿನ್‌ಗೆ ತಲುಪುತ್ತದೆ. ಕಿಂಗ್‌ಪಿನ್ ಗೂಂಡಾಗಳನ್ನು ಕಳಿಸುವುದಿಲ್ಲ. ಟ್ಯಾಕ್ಸ್‌ನವರನ್ನು ಕಳಿಸುತ್ತಾನೆ. ಮ್ಯಾಟ್‌ನ ಬ್ಯಾಂಕ್ ಖಾತೆ ಬಂದ್. ಸುಳ್ಳು ಸಾಕ್ಷಿ ಬಂದು ವಕೀಲಿ ಸನ್ನದು ಹೋಯಿತು. ಕೊನೆಗೆ ಮನೆಯೂ. ಯಾವ ಸೂಪರ್ ಹೀರೋ ಇದನ್ನು ಒದ್ದು ಗೆಲ್ಲುತ್ತಾನೆ? ಆಫೀಸಿಂದ ಆಫೀಸಿಗೆ ಅಲೆದವರಿಗೆ ಈ ಕಥೆ ರಾಕ್ಷಸರ ಕಥೆಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ಮೊದಲ ಸಂಚಿಕೆಗಳು ಶುರುವಾಗುವ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮ್ಯಾಟ್ ಮಲಗಿರುವುದು ಮೇಲಿನಿಂದ ಕಾಣುತ್ತದೆ. ಒಮ್ಮೆ ಮನೆಯ ಹಾಸಿಗೆ, ಆಮೇಲೆ ಅಗ್ಗದ ಲಾಡ್ಜು, ಆಮೇಲೆ ಬೀದಿಯ ಕಸ. ಮಾತೇ ಬೇಡ, ಅವನು ಎಷ್ಟು ಕೆಳಗಿಳಿದ ಅಂತ ಹಾಸಿಗೆ ಹೇಳುತ್ತದೆ.

ಪಕ್ಕದ ಚಪ್ಪಲಿ ಅಂಗಡಿ ಭಾಯಿಯ ಮಗಳಿಗೆ ಕೊಟ್ಟದ್ದು 'ಮಿಸ್ ಮಾರ್ವೆಲ್', 2014ರಲ್ಲಿ ಶುರುವಾದದ್ದು. ಜಿ. ವಿಲ್ಲೋ ವಿಲ್ಸನ್, ಏಡ್ರಿಯನ್ ಅಲ್ಫೋನಾ. ಜರ್ಸಿ ಸಿಟಿಯಲ್ಲಿರುವ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್. ಮೊದಲ ಸಂಪುಟಕ್ಕೆ ವೈಜ್ಞಾನಿಕ, ಕಲ್ಪನಾ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ 2015ರಲ್ಲಿ ಬಂತು. ಅಮ್ಮಿ, ಅಬ್ಬು, ಧರ್ಮದ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಅಣ್ಣ, ರಾತ್ರಿ ಪಾರ್ಟಿಗೆ ಕಳಿಸಲ್ಲ ಅನ್ನುವ ಮನೆ. ಮೈ ತುಂಬ ಮುಚ್ಚುವ ಈಜುಡುಗೆ ಬುರ್ಕಿನಿಯನ್ನೇ ಕತ್ತರಿಸಿ ಹೊಲಿದು ಸೂಪರ್ ಹೀರೋ ಬಟ್ಟೆ ಮಾಡಿಕೊಳ್ಳುತ್ತಾಳೆ. ಆ ಹುಡುಗಿ ವಾಪಸ್ ಕೊಡುವಾಗ ಅಂದದ್ದು: "ಅಂಕಲ್, ಇವ್ರ ಅಮ್ಮಿ ನಮ್ಮ ಅಮ್ಮಿನೇ ಇದ್ದಾಳ ನೋಡ್ರಿ!"

ಉಳಿದವರನ್ನು ಬೇಗ ಮುಗಿಸುತ್ತೇನೆ. ಎಕ್ಸ್-ಮೆನ್‌ಗೆ 'ಡೇಸ್ ಆಫ್ ಫ್ಯೂಚರ್ ಪಾಸ್ಟ್', 1981, ಎರಡೇ ಸಂಚಿಕೆ, ಸಿನಿಮಾಕ್ಕಿಂತ ಚುರುಕು. ಅದು ಹಿಡಿಸಿದರೆ 1982ರ 'ಗಾಡ್ ಲವ್ಸ್, ಮ್ಯಾನ್ ಕಿಲ್ಸ್', ದೇವರ ಹೆಸರಿನಲ್ಲಿ ದ್ವೇಷ ಹಂಚುವ ಒಬ್ಬ ಪ್ರವಚನಕಾರನ ಕಥೆ. ಎರಡನ್ನೂ ಬರೆದದ್ದು ಕ್ರಿಸ್ ಕ್ಲೇರ್ಮಂಟ್. ಐರನ್ ಮ್ಯಾನ್‌ಗೆ 'ಡೆಮನ್ ಇನ್ ಎ ಬಾಟಲ್', 1979, ಅವನ ಕುಡಿತ. ಕ್ಯಾಪ್ಟನ್ ಅಮೆರಿಕಾಗೆ ಎಡ್ ಬ್ರುಬೇಕರ್‌ರ 'ವಿಂಟರ್ ಸೋಲ್ಜರ್'. ಹಲ್ಕ್‌ಗೆ 'ಪ್ಲಾನೆಟ್ ಹಲ್ಕ್'. ಥಾರ್‌ಗೆ 1983ರಿಂದ ವಾಲ್ಟ್ ಸೈಮನ್ಸನ್ ಮಾಡಿದ್ದು, ಅದರಲ್ಲಿ ಥಾರ್ ಕಪ್ಪೆಯಾಗುತ್ತಾನೆ, ನಗಬೇಡಿ, ಓದಿ. ವಂಡರ್ ವುಮನ್‌ಗೆ 1987ರ ಜಾರ್ಜ್ ಪೆರೆಸ್. ಹಾಕ್‌ಐಗೆ ಮ್ಯಾಟ್ ಫ್ರ್ಯಾಕ್ಷನ್ ಮತ್ತು ಡೇವಿಡ್ ಆಹಾ. ಅದರ ಹನ್ನೊಂದನೇ ಸಂಚಿಕೆ ಪೂರ್ತಿ ಒಂದು ನಾಯಿಯ ಕಣ್ಣಲ್ಲಿ ನಡೆಯುತ್ತದೆ. ನಾಯಿಗೆ ಅರ್ಥವಾಗುವ ಪದ ಮಾತ್ರ ಓದಲು ಸಿಗುತ್ತವೆ, ಉಳಿದದ್ದು ಗೀಚು. ಇನ್ಫೋಗ್ರಾಫಿಕ್ ಮಾಡುವವರೆಲ್ಲ ಅದನ್ನು ಒಮ್ಮೆ ನೋಡಬೇಕು.

ಇಷ್ಟೆಲ್ಲ ಇಂಗ್ಲಿಷ್, ನಮಗೇನು ಅಂತ ಕೇಳುವವರಿಗೆ ಇಂದ್ರಜಾಲ ಕಾಮಿಕ್ಸ್ ನೆನಪಿಸುತ್ತೇನೆ. 1964ರಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾದವರು ತಂದದ್ದು, ಕನ್ನಡದಲ್ಲೂ ಬರುತ್ತಿತ್ತು. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಫ್ಯಾಂಟಮ್ ನಮ್ಮಲ್ಲಿ ಡೆಂಕಾಲಿ ಕಾಡಿನಲ್ಲಿ ಮನೆ ಮಾಡಿದ್ದು ಹಾಗೆ. ಅವನ ಬಟ್ಟೆ ಇಟಲಿಯಲ್ಲಿ ಕೆಂಪು, ಸ್ವೀಡನ್‌ನಲ್ಲಿ ನೀಲಿ, ಅಮೆರಿಕದಲ್ಲಿ ನೇರಳೆ. ನಮ್ಮಪ್ಪ ಒಂದು ವ್ಯಾಯಾಮ ಶಾಲೆಯ ಗೋಡೆಗೆ ಪೈಲ್ವಾನನ ಚಿತ್ರ ಬರೆಯುವಾಗ ನೋಡಿಕೊಂಡದ್ದು ಫ್ಯಾಂಟಮ್‌ನನ್ನೇ. ಮೈಕಟ್ಟು ಅವನದು, ಮೀಸೆ ನಮ್ಮ ಕಡೆಯದು, ಚಡ್ಡಿಗೆ ಕೇಸರಿ ಬಣ್ಣ. ಹಿಂದಿ ಬಂದರೆ ರಾಜ್ ಕಾಮಿಕ್ಸ್‌ನ ಸೂಪರ್ ಕಮಾಂಡೋ ಧ್ರುವನನ್ನೂ ಬಿಡಬೇಡಿ. ಅನುಪಮ್ ಸಿನ್ಹಾ ಬರೆದು ಬಿಡಿಸಿದ ಮೊದಲ ಕಥೆ 'ಪ್ರತಿಶೋಧ್ ಕಿ ಜ್ವಾಲಾ', 1987. ಸರ್ಕಸ್ಸಿನಲ್ಲಿ ಬೆಳೆದ ಹುಡುಗ, ಯಾವ ಶಕ್ತಿಯೂ ಇಲ್ಲ, ಬರೀ ತಲೆ ಓಡಿಸಿ ಗೆಲ್ಲುತ್ತಾನೆ.

ಕೊಳ್ಳುವ ಮಾತು. ಬಿಡಿ ಸಂಚಿಕೆಯ ಹಿಂದೆ ಬೀಳಬೇಡಿ, ಒಂದು ಕಥೆ ಪೂರ್ತಿ ಇರುವ ಸಂಗ್ರಹ ತಗೊಳ್ಳಿ. ಹಿಂಬದಿಯಲ್ಲಿ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಇದೆ ಅಂತ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಮೇಲೆ ಹೇಳಿದ ನಂಬರ್ ಅದರಲ್ಲಿವೆಯಾ ನೋಡಿಕೊಳ್ಳಿ. ಆನ್‌ಲೈನ್ ದುಬಾರಿ ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಹೈದರಾಬಾದ್ ರೈಲು ಹತ್ತಿ. ಅಬಿಡ್ಸ್‌ನ ಫುಟ್‌ಪಾತ್ ತುಂಬ ಹಳೆ ಪುಸ್ತಕ ಹರಡಿರುತ್ತಾರೆ. ಇಂಜಿನಿಯರಿಂಗ್ ಗೈಡುಗಳ ರಾಶಿಯ ಕೆಳಗೆ ಕೈ ಹಾಕಬೇಕು, ಕಾಮಿಕ್ಸ್ ಅಲ್ಲೇ ಸಿಗೋದು. ಚೌಕಾಸಿ ಮಾಡಿ, ಆದರೆ ಬೇಕಾದ ಪುಸ್ತಕ ಸಿಕ್ಕಾಗ ಮುಖದಲ್ಲಿ ತೋರಿಸಿಕೊಳ್ಳಬೇಡಿ.

ಇನ್ನು ಕಲಬುರಗಿಯವರೇ ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬನ್ನಿ, ಆ ಬಿಸಿಲಲ್ಲಿ ಬ್ಯಾನರ್ ಮಾಡಿಸಲು ಯಾರೂ ಬರುವುದಿಲ್ಲ. 'ಇಯರ್ ಒನ್' ಮನೆಗೆ ಒಯ್ಯಬಹುದು. 'ಬಾರ್ನ್ ಅಗೇನ್' ಮಾತ್ರ ಅಂ‌ಗಡಿಯಲ್ಲೇ ಕೂತು ಓದಬೇಕು, ಕೈಯಲ್ಲಿ ಮಿರ್ಚಿ ಭಜಿ ಇರಬಾರದು.